ಅಳತೆ ರವಿಕೆ

ಷಡಕ್ಷರಪ್ಪನವರು ಹೆಂಗಸರ ಮೈಗೆ ಟೇಪು ಮುಟ್ಟಿಸುವವರಲ್ಲ. ಅರಸೀಕೆರೆಯಲ್ಲಿ ನಲವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದರೂ ಒಬ್ಬ ಹೆಂಗಸನ್ನೂ ಅಳೆದಿಲ್ಲ ಎಂಬುದು ಅವರ ಹೆಮ್ಮೆ. ಮೈಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ತಂದುಕೊಡಬೇಕು. ಅದನ್ನು ಹಲಗೆಯ ಮೇಲೆ ಹರಡಿ, ಅಂಗೈಯಲ್ಲಿ ಸವರಿ, ಅಂಚಿನ ಸುತ್ತ ಸೀಮೆಸುಣ್ಣ ಎಳೆದು ಹೊಸ ಬಟ್ಟೆ ಕತ್ತರಿಸುತ್ತಾರೆ. ಅದಕ್ಕೆ ಅಳತೆ ರವಿಕೆ ಎಂದು ಹೆಸರು. ಹೊಸದರ ಜೊತೆ ಅದೂ ಮನೆಗೆ ವಾಪಸು ಬರುತ್ತದೆ, ಮುಂದಿನ ಸಲ ಮತ್ತೆ ಅಂಗಡಿಗೆ ಹೋಗುತ್ತದೆ.

ಮಂಜುಳಾ ಕೊಡುತ್ತಿದ್ದ ಅಳತೆ ರವಿಕೆ ಗಿಳಿಹಸಿರು ಬಣ್ಣದ್ದು, ಆರು ವರ್ಷ ಹಳೆಯದು. ಅದು ಯಾವ ಮೈಯ ಅಳತೆಯೋ ಆ ಮೈ ಈಗ ಇರಲಿಲ್ಲ. ಎರಡು ವರ್ಷದ ಹಿಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಗಡ್ಡೆಯ ಜೊತೆಗೆ ಅವಳ ಎಡ ಮೊಲೆಯನ್ನೂ ತೆಗೆದಿದ್ದರು. ಆಮೇಲೂ ಮೂರು ಸಲ ಅವಳು ಅದೇ ಗಿಳಿಹಸಿರು ರವಿಕೆಯನ್ನು ಹಲಗೆಯ ಮೇಲಿಟ್ಟು, ‘ಇದೇ ಅಳತೆ’ ಎಂದು ಹೇಳಿ ಬಂದಿದ್ದಳು.

ಊರಿಗೆಲ್ಲ ಹೇಳಿದ್ದು ಗರ್ಭಕೋಶದ ಆಪರೇಷನ್ ಎಂದು. ಅದು ಅವ್ವನ ಉಪಾಯ. ‘ಗರ್ಭಕೋಶ ಅಂದ್ರೆ ಯಾರೂ ಮುಂದಕ್ಕೆ ಕೇಳಾಕಿಲ್ಲ ಕಣೆ. ನಮ್ಮ ಬೀದೀಲೇ ಐದು ಜನ ತೆಗೆಸ್ಕೊಂಡವ್ರೆ’ ಎಂದಿದ್ದಳು ಅವ್ವ ಸಣ್ಣತಾಯಮ್ಮ. ನಿಜವಾಗಿಯೂ ಯಾರೂ ಕೇಳಲಿಲ್ಲ, ಬುದ್ಧಿ ಹೇಳಿದರು ಅಷ್ಟೆ. ಕೊಡ ಎತ್ತಬೇಡ, ಮಾಳಿಗೆ ಹತ್ತಬೇಡ, ಬದನೆಕಾಯಿ ತಿನ್ನಬೇಡ. ತನಗಿಲ್ಲದ ತೊಂದರೆಗೆ ಬಂದ ಬುದ್ಧಿಮಾತನ್ನೆಲ್ಲ ಮಂಜುಳಾ ತಲೆಯಾಡಿಸಿ ಕೇಳಿದಳು. ಗಡ್ಡೆ ಬೇಗ ಗೊತ್ತಾಗಿದ್ದರಿಂದ ಕೂದಲು ಉದುರುವ ಚಿಕಿತ್ಸೆ ಬೇಕಾಗಲಿಲ್ಲ, ದಿನಕ್ಕೊಂದು ಮಾತ್ರೆ ಸಾಕಾಯಿತು. ಹಾಗಾಗಿ ಸುಳ್ಳು ನಿಂತಿತು. ಮಾದಿಹಳ್ಳಿಯಲ್ಲಿ ಹೈನು ನೋಡಿಕೊಂಡಿದ್ದ ಅಣ್ಣ ಉಗ್ರಪ್ಪನಿಗೂ, ಅವನ ಮಗ ಸಮ್ಯಕ್‌ಗೂ ಅದೇ ಸುಳ್ಳು.

ಸಮ್ಯಕ್‌ಗೆ ಸುಳ್ಳು ಹೇಳುವುದು ಕಷ್ಟವಾಗಿತ್ತು. ಆರನೇ ವಯಸ್ಸಿಗೆ ತಾಯಿ ಸತ್ತ ಮೇಲೆ ಅವನು ಬೆಳೆದದ್ದು ಅರಸೀಕೆರೆಯ ಈ ಬಾಡಿಗೆ ಮನೆಯಲ್ಲಿ, ಮದುವೆಯಾಗದ ಈ ಅತ್ತೆಯ ಕೈಯಲ್ಲಿ. ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಅವನು ಬೆಳೆದ ಎತ್ತರವೆಲ್ಲ ಪೆನ್ಸಿಲ್ ಗೆರೆಗಳಾಗಿ ಉಳಿದಿದೆ. ‘ಸಮ್ಯಕ್ 7’, ‘ಸಮ್ಯಕ್ 8’, ಹಾಗೆ ಹದಿನೇಳರವರೆಗೆ. ಈಗ ಅವನು ಬೇಲೂರಿನಲ್ಲಿ ಲೈನ್‌ಮನ್.

ಮಂಜುಳಾಳ ದಿನ ಆ ಗೋಡೆಯ ಎದುರೇ ಶುರುವಾಗುತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು, ಬಚ್ಚಲ ದೀಪ ಹಾಕದೆ ಕಿಟಕಿಯಿಂದ ಬರುವ ಬೀದಿದೀಪದ ಬೆಳಕಿನಲ್ಲೇ ಸ್ನಾನ. ಆಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ. ಕಂಕುಳಿಂದ ಎದೆಯ ನಡುವಿನವರೆಗೆ ಓರೆಯಾಗಿ ಬಂದ ಗಾಯದ ಗುರುತನ್ನು ಗುಂಡಗೆ, ಸಣ್ಣಗೆ ತಿಕ್ಕಬೇಕು. ಬೆರಳಿಗೆ ಮೈ ಗೊತ್ತಾಗುತ್ತಿತ್ತು, ಮೈಗೆ ಬೆರಳು ಗೊತ್ತಾಗುತ್ತಿರಲಿಲ್ಲ. ಕೊನೆಗೆ ಗೋಡೆಗೆ ಮುಖ ಮಾಡಿ ನಿಂತು ಎಡಗೈಯ ಎರಡು ಬೆರಳನ್ನು ಜೇಡದಂತೆ ಮೇಲೆ ಮೇಲೆ ನಡೆಸುವುದು. ಕೈ ಬಿಗಿಯಬಾರದೆಂದು ಆಸ್ಪತ್ರೆಯವರು ಹೇಳಿಕೊಟ್ಟಿದ್ದರು. ಬೆರಳು ಮುಟ್ಟಿದಲ್ಲಿಗೆ ಒಂದು ಗೆರೆ. ಮೊದಲ ತಿಂಗಳು ಅದು ‘ಸಮ್ಯಕ್ 9’ರ ಹತ್ತಿರ ನಿಂತಿತ್ತು. ಈಗ ಹದಿನಾರು ದಾಟಿ, ಹದಿನೇಳಕ್ಕೆ ಎರಡು ಬೆರಳು ಕಡಿಮೆ. ಅವಳ ಗೆರೆಗಳ ಪಕ್ಕ ಹೆಸರಿರಲಿಲ್ಲ.

ಒಮ್ಮೆ ಬಂದಾಗ ಸಮ್ಯಕ್ ಕೇಳಿದ್ದ: ‘ಇದೇನತ್ತೆ, ಹೊಸ ಗೆರೆ? ಯಾರ್ದು?’

‘ಪಕ್ಕದ್ಮನೆ ಮಗೀದು.’

‘ನಮ್ ಗೋಡೆ ಮೇಲಾ? ಬಾಡಿಗೆ ಇಸ್ಕೋ ಮತ್ತೆ’ ಎಂದು ನಕ್ಕಿದ್ದ.

ಬೀರುವಿನ ಕನ್ನಡಿಗೆ ಅವಳು ಕ್ಯಾಲೆಂಡರಿನ ಹಾಳೆ ಅಂಟಿಸಿದ್ದಳು. ಮುಖ ನೋಡಿಕೊಳ್ಳಲು ಬುದ್ಧನ, ಬಾಬಾಸಾಹೇಬರ ಪಟಗಳ ಪಕ್ಕ ಅಂಗೈಯಗಲದ ಕನ್ನಡಿಯೊಂದಿತ್ತು. ಅದನ್ನೂ ಕುತ್ತಿಗೆಯಿಂದ ಕೆಳಗೆ ಕಾಣದ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದ್ದಳು.

ಇನ್ನು ರವಿಕೆಯ ಎಡಗಡೆ ತುಂಬಲು ಇಟ್ಟುಕೊಳ್ಳುತ್ತಿದ್ದ ರಾಗಿಯ ಗಂಟು. ಅದನ್ನು ಮಾಡಿದ್ದು ಅವ್ವ. ಅಂಗಡಿಯಲ್ಲಿ ಸಿಗುವ ಸ್ಪಂಜು ಹಗುರ, ಮೇಲೆ ಹತ್ತಿ ಕೂರುತ್ತದೆ. ಹತ್ತಿಯೂ ಅಷ್ಟೆ. ಅವ್ವ ತನ್ನ ಹಳೆಯ ಕುಂಕುಮ ಬಣ್ಣದ ಸೀರೆ ಹರಿದು ಪುಟ್ಟ ಚೀಲ ಹೊಲಿದು, ಮಗಳನ್ನು ಎದುರು ಕೂರಿಸಿಕೊಂಡು, ಹಿಡಿ ಹಿಡಿ ರಾಗಿ ಹಾಕುವುದು, ದೂರ ಸರಿದು ಒಂದು ಕಣ್ಣು ಮುಚ್ಚಿ ನೋಡುವುದು, ಮತ್ತೆ ಅರ್ಧ ಹಿಡಿ ತೆಗೆಯುವುದು ಮಾಡಿದ್ದಳು. ಸಂಜೆಯ ಹೊತ್ತಿಗೆ ಸರಿಯಾಯಿತು. ರಾಗಿಗೆ ತೂಕವಿತ್ತು, ಬಾಗಿದರೆ ಬಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ಮೈಯಷ್ಟೇ ಬೆಚ್ಚಗಾಗುತ್ತಿತ್ತು.

‘ಎದೆ ಮ್ಯಾಲೆ ಅರ್ಧ ಸೇರು ರಾಗಿ ಐತೆ. ಬರ ಬಂದ್ರೂ ನೀನು ಉಪಾಸ ಬೀಳಾಕಿಲ್ಲ ಬಿಡು’ ಎಂದಿದ್ದಳು ಅವ್ವ. ಆಪರೇಷನ್ ಆದ ಮೇಲೆ ಇಬ್ಬರೂ ನಕ್ಕದ್ದು ಅದೇ ಮೊದಲು.

ಅವ್ವ ತೀರಿಕೊಂಡು ಹನ್ನೊಂದು ತಿಂಗಳು. ಅವಳು ಹೋದ ಮೇಲೆ ಆ ಎದೆಯನ್ನು ಕಂಡವರು ಇಬ್ಬರೇ ಉಳಿದರು. ಒಬ್ಬರು ಬೆಂಗಳೂರಿನ ಡಾಕ್ಟರು, ಅವರಿಗೆ ಫೈಲು ತೆರೆದರೆ ಮಾತ್ರ ಇವಳ ಹೆಸರು ನೆನಪಾಗುತ್ತಿತ್ತು. ಇನ್ನೊಬ್ಬಳು ತಾನು. ತಾನೂ ಸರಿಯಾಗಿ ನೋಡಿರಲಿಲ್ಲ.

*

ಜೂನ್ ಕೊನೆಯಲ್ಲಿ ಸಮ್ಯಕ್ ಸೀರೆಯ ಪೊಟ್ಟಣ ಹಿಡಿದು ಬಂದ. ಅವನ ಮದುವೆ ಜುಲೈ ಮೂರನೇ ಭಾನುವಾರ, ಬೇಲೂರಿನ ಸಮುದಾಯ ಭವನದಲ್ಲಿ ಗೊತ್ತಾಗಿತ್ತು. ಹುಡುಗಿ ಹಳೇಬೀಡಿನವಳು. ಸೀರೆ ಬಿಳಿಯದು, ಸಣ್ಣ ನೀಲಿ ಅಂಚು. ಬೌದ್ಧರಾದ ಅವರಲ್ಲಿ ಮದುವೆಗೆ ಬಿಳಿ ಉಡುತ್ತಾರೆ.

‘ಅಮ್ಮನ ಜಾಗದಲ್ಲಿ ನೀನೇ ನಿಲ್ಬೇಕು’ ಎಂದ.

‘ನಿಮ್ಮಪ್ಪ ಏನಂದ?’

‘ಅವ್ರೇ ಹೇಳಿದ್ದು. ಇನ್ಯಾರು ನಿಲ್ತಾರೆ, ಎಮ್ಮೆ ನಿಲ್ಲುತ್ತಾ ಅಂದ್ರು.’

ಸೀರೆಯ ಜೊತೆಗಿದ್ದ ರವಿಕೆ ಬಟ್ಟೆಯೂ ಬಿಳಿ, ತೆಳುವಾದದ್ದು. ಮಂಜುಳಾ ಆಪರೇಷನ್ ಆದಾಗಿನಿಂದ ಕಂದು, ಕಪ್ಪು, ಗಾಢ ನೀಲಿ ಬಿಟ್ಟು ಬೇರೆ ಬಣ್ಣ ತೊಟ್ಟಿರಲಿಲ್ಲ. ಆದರೂ ಮರುದಿನವೇ ಗಿಳಿಹಸಿರು ರವಿಕೆಯ ಜೊತೆ ಅದನ್ನು ಷಡಕ್ಷರಪ್ಪನವರಿಗೆ ಕೊಟ್ಟು, ಹಾರನಹಳ್ಳಿಯ ಬಸ್ಸು ಹಿಡಿದಳು. ಅಲ್ಲಿಯ ಶಾಲೆಯಲ್ಲಿ ಅವಳು ಗಣಿತದ ಮೇಡಂ.

ಸ್ಟಾಫ್ ರೂಮಿನಲ್ಲಿ ಕಾವ್ಯಶ್ರೀ ಕೈಗೆ ಕ್ರೀಮು ಹಚ್ಚುತ್ತ ಕೂತಿದ್ದಳು. ಬಂದು ಒಂದು ವರ್ಷವಾದ ಇಂಗ್ಲಿಷ್ ಟೀಚರ್, ಇಪ್ಪತ್ತೇಳು ವಯಸ್ಸು. ಬೆಳಿಗ್ಗೆ ಮುಖಕ್ಕೆ ಆರು ಬಗೆ, ಮಲಗುವಾಗ ನಾಲ್ಕು ಬಗೆ ಹಚ್ಚುತ್ತೇನೆಂದು ಅವಳೇ ಹೇಳಿಕೊಳ್ಳುತ್ತಿದ್ದಳು.

‘ಆಷಾಢದಲ್ಲಿ ಮದ್ವೆನಾ ಮಿಸ್?’

‘ನಮ್ಮಲ್ಲಿ ಆಷಾಢ ಇಲ್ಲ ಕಣಮ್ಮ. ಭವನ ಖಾಲಿ ಇರುತ್ತೆ, ಅಡುಗೆಯವರೂ ಸಿಗ್ತಾರೆ.’

‘ಸೂಪರ್ ಐಡಿಯಾ. ಮಿಸ್, ನೀವು ಒಂದ್ಸಲ ನನ್ ಜೊತೆ ಪಾರ್ಲರ್‌ಗೆ ಬನ್ನಿ. ಹುಡುಗನ ಕಡೆ ಮೇನ್ ನೀವೇ. ನಿಮ್ ಸ್ಕಿನ್ ಎಷ್ಟ್ ಚೆನ್ನಾಗಿದೆ, ನೀವು ಮಾತ್ರ ಕೇರೇ ಮಾಡಲ್ಲ.’

‘ದಿನಾ ಎಣ್ಣೆ ಹಚ್ತೀನಲ್ಲ.’

‘ಅದಲ್ಲ ಮಿಸ್. ಫಸ್ಟು ನಮ್ ಬಾಡಿನ ನಾವು ಪ್ರೀತಿಸ್ಬೇಕು. ದಿನಾ ಕನ್ನಡಿ ಮುಂದೆ ಐದು ನಿಮಿಷ ನಿಂತು ಒಂದೊಂದು ಪಾರ್ಟಿಗೂ ಥ್ಯಾಂಕ್ಸ್ ಹೇಳ್ಬೇಕಂತೆ. ಕಣ್ಣೇ ಥ್ಯಾಂಕ್ಸ್, ಮೂಗೇ ಥ್ಯಾಂಕ್ಸ್...’

‘ಹಾಜರಿ ತಗೊಂಡಂಗಾ?’

ಕಾವ್ಯಶ್ರೀ ಬಿದ್ದು ಬಿದ್ದು ನಕ್ಕಳು. ‘ಹ್ಞೂಂ ಮಿಸ್, ಹಂಗೇ ಅನ್ಕೊಳಿ!’

‘ಯಾರಾದ್ರೂ ಗೈರುಹಾಜರಾಗಿದ್ರೆ?’

‘ಅಯ್ಯೋ, ಬಾಡೀಲಿ ಯಾರು ಗೈರುಹಾಜರಾಗ್ತಾರೆ ಮಿಸ್!’

ಬೆಲ್ಲು ಹೊಡೆಯಿತು. ಮಂಜುಳಾ ಏಳನೇ ತರಗತಿಗೆ ಹೋಗಿ ಭಿನ್ನರಾಶಿ ಹೇಳಿಕೊಟ್ಟಳು.

*

ಮದುವೆಗೆ ಒಂಬತ್ತು ದಿನ ಉಳಿದಿರುವಾಗ, ಶುಕ್ರವಾರ, ಬಿಳಿ ರವಿಕೆ ಸಿದ್ಧವಾಗಿ ಬಂತು. ಬಾಗಿಲು ಹಾಕಿಕೊಂಡು ತೊಟ್ಟು ನೋಡಿದಳು. ಎಡತೋಳು ಬಿಗಿ. ಅದೇನು ಹೊಸದಲ್ಲ, ಆಪರೇಷನ್ ಆದಾಗಿನಿಂದ ಆ ತೋಳು ಸಂಜೆಯ ಹೊತ್ತಿಗೆ ಬಾವು ಬಂದಂತೆ ದಪ್ಪಗಾಗುತ್ತದೆ. ಪ್ರತಿ ಹೊಸ ರವಿಕೆಯದೂ ಎಡತೋಳಿನ ಹೊಲಿಗೆಯನ್ನು ಅವಳು ಬ್ಲೇಡಿನಿಂದ ಬಿಚ್ಚಿ ಕೈಹೊಲಿಗೆ ಹಾಕಿಕೊಳ್ಳುತ್ತಿದ್ದಳು. ಆದರೆ ಇನ್ನೊಂದು ತೊಂದರೆ ಅವಳಿಗೆ ಹೊಳೆದಿರಲಿಲ್ಲ. ತಲೆ ಬಗ್ಗಿಸಿ ನೋಡಿದರೆ ಬಿಳಿ ಬಟ್ಟೆಯ ಒಳಗಿಂದ ಕುಂಕುಮ ಬಣ್ಣದ ಗಂಟು ಹುಣ್ಣಿನ ಹಾಗೆ ಕಾಣುತ್ತಿತ್ತು.

ಅದಕ್ಕೊಂದು ಬಿಳಿ ಬಟ್ಟೆ ಹೊದಿಸಿದರಾಯಿತು. ಅದಕ್ಕೂ ಮೊದಲು ಒಗೆಯಬೇಕು, ಅವ್ವ ಹೋದ ಮೇಲೆ ಒಗೆಯದೆ ಬೆವರಿನ ವಾಸನೆ ಹಿಡಿದಿತ್ತು. ಅವ್ವ ಒಗೆಯುವಾಗ ಒಂದು ಪಕ್ಕದ ಹೊಲಿಗೆ ಬಿಚ್ಚಿ, ರಾಗಿಯನ್ನು ಮೊರಕ್ಕೆ ಸುರಿದು, ಚೀಲವನ್ನಷ್ಟೇ ಒಗೆದು ಮತ್ತೆ ತುಂಬುತ್ತಿದ್ದಳು. ಹಾಗೆ ಬಿಚ್ಚಿದರೆ ಅವ್ವ ಹಾಕಿದ ಹೊಲಿಗೆಯೂ ಹೋಗುತ್ತದೆ, ಅವ್ವ ಅಳೆದ ಅಳತೆಯೂ ಹೋಗುತ್ತದೆ ಎನ್ನಿಸಿತು. ಮಂಜುಳಾ ಗಂಟನ್ನು ಹಾಗೇ ಸೋಪಿನ ನೀರಿಗೆ ಅದ್ದಿ, ಹಿಂಡಿ, ತೊಳೆದಳು. ಹೊರಗೆ ಒಣಹಾಕಿದರೆ ಪಕ್ಕದ ಮನೆಯ ರಂಗಮ್ಮ ಇದೇನೆಂದು ಕೇಳುತ್ತಾಳೆ. ಅದಕ್ಕೇ ಬಚ್ಚಲ ಮೂಲೆಯಲ್ಲಿ, ಒಂದು ದಪ್ಪ ಟವೆಲಿನ ಕೆಳಗೆ ನೇತುಹಾಕಿದಳು. ಹೊರಗೆ ಆಷಾಢದ ಜಡಿ, ಒಳಗೂ ಥಂಡಿ. ಶನಿವಾರ ಬೆಳಗಿನ ಶಾಲೆಗೆ ನಾಲ್ಕು ಕರ್ಚೀಫು ಮಡಚಿಟ್ಟುಕೊಂಡು, ಮೈ ತುಂಬ ಸೆರಗು ಹೊದ್ದು ಹೋಗಿಬಂದಳು.

ಭಾನುವಾರ ಟವೆಲು ಸರಿಸಿದಾಗ ಗಂಟಿನ ಮೈಯೆಲ್ಲ ಬಿಳಿ ನವಿರು. ಮೊದಲು ಬೂಷ್ಟು ಎಂದುಕೊಂಡಳು. ಹತ್ತಿರ ಹಿಡಿದು ನೋಡಿದರೆ ರಾಗಿ ಮೊಳಕೆಯೊಡೆದಿತ್ತು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಕತ್ತಲಲ್ಲಿಟ್ಟರೆ ರಾಗಿ ಇನ್ನೇನು ಮಾಡುತ್ತದೆ? ಕೂಸುಗಳ ಹಿಟ್ಟಿಗೆ ಈ ಸೀಮೆಯ ಹೆಂಗಸರೆಲ್ಲ ಹೀಗೇ ತಾನೇ ಮೊಳಕೆ ಕಟ್ಟುವುದು. ಹಳೆಯ ಸೀರೆಯ ಎಳೆಗಳ ಸಂದಿಯಿಂದ ನೂರಾರು ಬಿಳಿ ಬೇರು ಹೊರಗೆ ಬಂದಿದ್ದವು. ಕೈಯಲ್ಲಿ ಹಿಡಿದರೆ ಬೆಚ್ಚಗಿತ್ತು.

ಅವಳು ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟಳು. ಅಳು ಬರುತ್ತದೆಂದು ಕಾದಳು, ಬರಲಿಲ್ಲ. ಅವ್ವ ಇದ್ದಿದ್ದರೆ ಎಷ್ಟು ನಗುತ್ತಿದ್ದಳು ಎನ್ನಿಸಿತು. ಇದನ್ನು ಹೇಳಿ ನಗಲು ಒಬ್ಬರಾದರೂ ಬೇಕಲ್ಲ ಎಂದು ಮನಸ್ಸಿನಲ್ಲೇ ಒಬ್ಬೊಬ್ಬರನ್ನೂ ಎದುರು ತಂದು ನಿಲ್ಲಿಸಿದಳು. ಅಣ್ಣ, ಕಾವ್ಯಶ್ರೀ, ರಂಗಮ್ಮ, ಸಮ್ಯಕ್. ರಾಗಿಯ ಕತೆ ಹೇಳಬೇಕಾದರೆ ಮೊದಲು ಮೊಲೆಯ ಕತೆ ಹೇಳಬೇಕು. ಎಲ್ಲರನ್ನೂ ವಾಪಸು ಕಳಿಸಿದಳು.

ಸಂಜೆಯವರೆಗೆ ಹೊಸ ಗಂಟಿಗೆ ಒದ್ದಾಡಿದಳು. ಬಿಳಿ ದಿಂಬಿನ ಬಟ್ಟೆ ಕತ್ತರಿಸಿ ಚೀಲ ಮಾಡಿ ರಾಗಿ ತುಂಬಿದಳು. ಒಂದು ಸಲ ಹೆಚ್ಚಾಯಿತು, ಒಂದು ಸಲ ಕಡಿಮೆಯಾಯಿತು. ದೂರ ಸರಿದು, ಒಂದು ಕಣ್ಣು ಮುಚ್ಚಿ ನೋಡುವವರು ಇರಲಿಲ್ಲ. ಕನ್ನಡಿಗೆ ಕ್ಯಾಲೆಂಡರು ಅಂಟಿತ್ತು. ತಾನೇ ತಲೆ ಬಗ್ಗಿಸಿ ನೋಡಿದರೆ ಎಲ್ಲವೂ ಓರೆ. ಏಳು ದಿನದ ಮೇಲೆ ಇನ್ನೂರು ಜನರ ಎದುರು, ಸಮ್ಯಕ್‌ನ ಪಕ್ಕದಲ್ಲಿ, ಬಿಳಿಯಲ್ಲಿ ನಿಲ್ಲಬೇಕು.

*

ಸೋಮವಾರ ಮಧ್ಯಾಹ್ನ ಅರ್ಧ ರಜೆ ಹಾಕಿ, ಬಿಳಿ ರವಿಕೆಯನ್ನೂ ಗಿಳಿಹಸಿರಿನದನ್ನೂ ಹಿಡಿದು ಅಂಗಡಿಗೆ ಹೋದಳು. ಷಡಕ್ಷರಪ್ಪನವರು ಊಟಕ್ಕೆ ಹೋಗುವ ಹೊತ್ತು ಅದು. ಅಂಗಡಿಯಲ್ಲಿ ಅವರ ಸೊಸೆ ಸುಷ್ಮಿತಾ ಇದ್ದಳು. ಮೂವತ್ತರ ಹೆಂಗಸು, ಮೆಷಿನ್ನಿನ ಮೇಲೇ ಡಬ್ಬಿ ಇಟ್ಟುಕೊಂಡು ಚಿತ್ರಾನ್ನ ತಿನ್ನುತ್ತಿದ್ದಳು. ಕಾಲೇಜು ಹುಡುಗಿಯರ ಬಟ್ಟೆಗಾಗಿ ಅವಳು ಅಂಗಡಿಯ ಹಿಂಭಾಗದಲ್ಲಿ ಪರದೆ ಕಟ್ಟಿ, ಆಳೆತ್ತರದ ಕನ್ನಡಿ ನಿಲ್ಲಿಸಿ, ಟೇಪಿನಲ್ಲಿ ಅಳತೆ ತೆಗೆಯುತ್ತಿದ್ದಳು. ಮಾವ ಆ ಪರದೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

‘ಈ ಬ್ಲೌಸು ಆಗ್ತಿಲ್ಲ ಸುಷ್ಮಿತಾ.’

‘ಬಿಗಿನಾ ಮೇಡಂ, ಸಡ್ಲನಾ?’

‘ಎರಡೂ.’

‘ಅದೆಂಗೆ ಎರಡೂ! ಒಂದು ಹೇಳಿ’ ಎಂದು ಸುಷ್ಮಿತಾ ನಕ್ಕಳು. ‘ಇರಿ, ಮಾವ ಬರ್ಲಿ. ಅವ್ರು ಹೊಲ್ದಿದ್ದು ನಾನು ಮುಟ್ಟಿದ್ರೆ ಮೂರು ದಿನ ಮಾತು ಬಿಡ್ತಾರೆ.’

‘ಬ್ಯಾಡ. ನೀನೇ ಟೇಪ್ ತಗೊಂಡು ಒಳಗೆ ಬಾ.’

ಆ ದನಿ ತರಗತಿಯದು. ಸುಷ್ಮಿತಾ ಡಬ್ಬಿ ಮುಚ್ಚಿ, ಕೈ ತೊಳೆದು, ಪರದೆಯ ಒಳಗೆ ಬಂದಳು.

ಮಂಜುಳಾ ಸೆರಗು ತೆಗೆದಳು. ಹುಕ್ಕುಗಳನ್ನು ಬಿಚ್ಚಿದಳು. ಎಡಗಡೆಯಿಂದ ಮಡಚಿದ ಕರ್ಚೀಫುಗಳನ್ನು ಒಂದೊಂದಾಗಿ ಎಳೆದು ಸ್ಟೂಲಿನ ಮೇಲಿಟ್ಟಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ನೀಲಿ ಹೂವಿನ ಕಸೂತಿ ಇತ್ತು. ಆಮೇಲೆ ಒಳಗಿನದನ್ನೂ ತೆಗೆದು ನೆಟ್ಟಗೆ ನಿಂತಳು.

‘ಅಯ್ಯೋ ಶಿವನೇ’ ಎಂದಳು ಸುಷ್ಮಿತಾ. ಟೇಪು ಕೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದಳು. ‘ಮುಟ್ಟಿದ್ರೆ ನೋವಾಗುತ್ತಾ?’

‘ಗೊತ್ತಾಗಲ್ಲ.’

ಸುಷ್ಮಿತಾಳ ಬೆರಳಿನಲ್ಲಿ ನಿಂಬೆಹುಳಿಯ ವಾಸನೆ ಇತ್ತು. ಟೇಪು ಗಾಯದ ಮೇಲೆ ಹಾದುಹೋದದ್ದು ಮಂಜುಳಾಗೆ ತಿಳಿಯಲಿಲ್ಲ. ಅದು ಗಾಯ ದಾಟಿ ಪಕ್ಕೆಯ ಚರ್ಮಕ್ಕೆ ಬಂದಾಗ ಮಾತ್ರ ತಣ್ಣಗೆ ಚುರುಕ್ಕೆಂದಿತು. ಹನ್ನೊಂದು ತಿಂಗಳ ನಂತರ ಇನ್ನೊಬ್ಬರ ಕೈ. ಅವಳು ತಲೆ ಎತ್ತಿದಳು, ಎದುರಿಗೆ ಆಳೆತ್ತರದ ಕನ್ನಡಿ ಇತ್ತು.

ಕನ್ನಡಿಯಲ್ಲಿ ನಿಂತಿದ್ದವಳಿಗೆ ನಲವತ್ತಾರು ವರ್ಷ. ಕೊರಳ ಮೂಳೆ ಚೂಪಗೆ ಎದ್ದಿತ್ತು. ಬಲಗಡೆ ಸ್ವಲ್ಪ ಇಳಿಬಿದ್ದ, ಒಂಟಿಯಾದ ಮೊಲೆ. ಎಡಗಡೆ ಒಂದು ಓರೆ ಗೆರೆ, ನೋಟುಬುಕ್ಕಿನಲ್ಲಿ ಮಕ್ಕಳು ತಪ್ಪು ಲೆಕ್ಕ ಹೊಡೆದುಹಾಕುವ ಹಾಗೆ. ಅವಳು ಅಂದುಕೊಂಡಿದ್ದಷ್ಟು ಭೀಕರವಾಗಿರಲಿಲ್ಲ. ಚೆನ್ನಾಗಿಯೂ ಇರಲಿಲ್ಲ. ಯಾರಿಗೆ ಥ್ಯಾಂಕ್ಸ್ ಹೇಳುವುದೋ ಗೊತ್ತಾಗಲಿಲ್ಲ. ಎಣ್ಣೆ ಹಚ್ಚಿ ಹಚ್ಚಿ ಗಾಯದ ಜಾಗ ಮಾತ್ರ ಹೊಳೆಯುತ್ತಿತ್ತು.

‘ಮೇಡಂ, ಒಳಗೆ ಕಪ್ ಇಟ್ಟು ಹೊಲ್ದುಬಿಡ್ತೀನಿ’ ಎಂದಳು ಸುಷ್ಮಿತಾ. ದನಿ ಈಗ ಕೆಲಸದ ದನಿಯಾಗಿತ್ತು. ‘ಈಗ ಎಲ್ರೂ ಇಡಿಸ್ತಾರೆ, ರೆಡಿಮೇಡ್ ಸಿಗುತ್ತೆ. ಬಿಳೀದೇ ಐತೆ. ಯಾರಿಗೂ ಗೊತ್ತಾಗಲ್ಲ.’

ಅಷ್ಟು ಸುಲಭವಿತ್ತು. ಮಂಜುಳಾ ‘ಹ್ಞೂಂ’ ಎನ್ನಲು ಬಾಯಿ ತೆರೆದಳು. ಆಗ ಮದುವೆಯ ಫೋಟೋ ಕಣ್ಣಿಗೆ ಬಂತು. ನಡುವೆ ಸಮ್ಯಕ್, ಅವನ ಪಕ್ಕ ಗಿಳಿಹಸಿರು ರವಿಕೆಯ ಅಳತೆಯ ಹೆಂಗಸು, ಆರು ವರ್ಷದ ಹಿಂದಿನವಳು. ಅವಳೇ ಬಂದು ನಿಂತು, ಹರಸಿ, ಊಟ ಮಾಡಿ ಹೋಗುತ್ತಾಳೆ. ಎರಡು ವರ್ಷದಿಂದ ಐದು ಗಂಟೆಗೆ ಎದ್ದು ಗೋಡೆ ಹತ್ತಿದವಳು ಮದುವೆಗೆ ಬಂದೇ ಇರುವುದಿಲ್ಲ. ಅವಳನ್ನು ಯಾರೂ ಕರೆದೂ ಇರುವುದಿಲ್ಲ.

‘ಕಪ್ ಬ್ಯಾಡ’ ಎಂದಳು.

‘ಮತ್ತೆ? ಎಡಗಡೆ ಟಕ್ಸ್ ಹಿಡೀಲಾ, ಬ್ಯಾಡ್ವಾ?’

ಎದೆಗೆ ಜಾಗ ಕೊಡಲು ರವಿಕೆಯ ಮುಂಭಾಗದಲ್ಲಿ ಹಿಡಿಯುವ ಮಡಿಕೆ ಅದು. ಆಪರೇಷನ್ನಿಗೆ ಮುಂಚೆ ಡಾಕ್ಟರು ಒಂದು ಕಾಗದ ಕೊಟ್ಟು ಸಹಿ ಹಾಕಿ ಎಂದಿದ್ದರು. ಆಮೇಲೆ ಈ ಮೈಯ ಬಗ್ಗೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಇದೇ ಮೊದಲು.

‘ಬ್ಯಾಡ. ಎಡಗಡೆ ಸಪಾಟಾಗಿ ಹೊಲಿ.’

ಸುಷ್ಮಿತಾ ಅಳತೆಯ ಪುಸ್ತಕ ತೆರೆದಳು. ಎದೆ ಎಂದಿದ್ದ ಕಡೆ ಅಂಕಿಗೆ ಒಂದೇ ಮನೆ ಇತ್ತು. ಅವಳು ಪೆನ್ನು ಕಚ್ಚಿ ಯೋಚಿಸಿ, ಆ ಮನೆಯ ನಡುವೆ ಗೀಟೆಳೆದು ಎರಡು ಅಂಕಿ ಬರೆದಳು. ‘ತೋಳಿನ ಸಂದೀಗೆ ಒಂದು ಪೀಸ್ ಕೊಡ್ತೀನಿ, ಬಿಗಿ ಹೋಗುತ್ತೆ’ ಎಂದಳು. ಆಮೇಲೆ ದನಿ ತಗ್ಗಿಸಿದಳು: ‘ಮೇಡಂ, ಮಾವ ಈ ಪುಸ್ತಕ ನೋಡ್ತಾರೆ. ಹರಿದಿಟ್ಕೊಳ್ಲಾ?’

ಮಂಜುಳಾ ಹುಕ್ಕು ಹಾಕಿಕೊಳ್ಳುತ್ತಿದ್ದಳು. ಒಂದು ಹುಕ್ಕು ತಪ್ಪಿತು, ಬಿಚ್ಚಿ ಮತ್ತೆ ಹಾಕಿದಳು.

‘ಇರ್ಲಿ ಬಿಡು’ ಎಂದಳು. ಕರ್ಚೀಫುಗಳು ಸ್ಟೂಲಿನ ಮೇಲೇ ಉಳಿದವು. ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು. ಬೀದಿಯಲ್ಲಿ ಜನ ಇದ್ದರು, ಸೈಕಲ್ಲು, ಆಟೋ. ಯಾರೂ ತಿರುಗಿ ನೋಡಲಿಲ್ಲ. ಅದು ಸಮಾಧಾನವೋ ಅವಮಾನವೋ ತಿಳಿಯದೆ ಅವಳು ಸೆರಗು ಎಳೆದು ಹೊದ್ದುಕೊಂಡಳು.

ಗಂಟು ಬಿಚ್ಚಿ, ಮೊಳಕೆ ಬಂದ ರಾಗಿಯನ್ನು ಮಾಳಿಗೆಯ ಮೇಲೆ ಹಳೆಯ ಪೇಪರಿನಲ್ಲಿ ಹರಡಿದಳು. ಒಣಗಿದರೆ ಹುರಿದು ಬೀಸಿಸೋಣ ಎಂದುಕೊಂಡಿದ್ದಳು. ಮಳೆ ಬಿಟ್ಟ ಒಂದು ಗಂಟೆಯಲ್ಲಿ ಗೊರವಂಕಗಳು ಇಳಿದು ಅರ್ಧ ಮುಗಿಸಿದವು. ಓಡಿಸಲು ಎದ್ದವಳು ಮೆಟ್ಟಿಲ ಮೇಲೆ ಕೂತು ನೋಡಿದಳು.

ಗುರುವಾರ ರವಿಕೆ ಕೊಟ್ಟದ್ದು ಷಡಕ್ಷರಪ್ಪನವರೇ. ಕಣ್ಣು ಹಲಗೆಯ ಮೇಲೆ, ಕನ್ನಡಕ ಮೂಗಿನ ತುದಿಯಲ್ಲಿ. ಬಿಳಿಯದನ್ನು ಕೊಟ್ಟ ಮೇಲೆ ಗಿಳಿಹಸಿರು ರವಿಕೆಯನ್ನು ಬೇರೆಯಾಗಿ ಮಡಚಿಟ್ಟರು.

‘ಇದು ಇನ್ನು ತರಬ್ಯಾಡಿ ಮೇಡಮ್ಮೋರೆ. ಅಳತೆ ಪುಸ್ತಕದಲ್ಲೈತೆ.’

‘ಆಯ್ತು.’

ಅವರು ಕತ್ತರಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. ‘ನೀವು ತೊಟ್ಕೊಂಡು ಬರೋ ಬ್ಲೌಸಲ್ಲೆಲ್ಲ ಎಡತೋಳು ಬಿಚ್ಚಿ ಕೈಹೊಲಿಗೆ ಹಾಕಿದ್ದು ಕಾಣ್ತಿದ್ದೆ. ಎರಡು ವರ್ಸದಿಂದ ನನ್ ಕೈ ಕೆಟ್ಟೋಯ್ತು ಅನ್ಕೊಂಡಿದ್ದೆ. ಕಣ್ಣು ಮಂಜಾಯ್ತು, ಅಂಗಡಿ ಬಿಡಾನ ಅಂತ ಮನೇಲೂ ಹೇಳಿದ್ದೆ.’

ಮಂಜುಳಾ ಗಿಳಿಹಸಿರು ರವಿಕೆಯನ್ನು ಬ್ಯಾಗಿಗೆ ಹಾಕಿಕೊಂಡಳು. ತನ್ನ ಸುಳ್ಳು ತನ್ನ ಎದೆಯೊಳಗೇ ಇದೆ ಎಂದುಕೊಂಡಿದ್ದಳು. ಅದು ಇಲ್ಲಿ ಬಂದು ಒಬ್ಬ ಮುದುಕನ ಕೈಯ ಮೇಲೆ ಕೂತಿತ್ತು.

‘ನಿಮ್ ಕೈ ಸರಿಯಾಗೇ ಐತೆ’ ಎಂದಳು. ‘ಅಳತೆ ತಪ್ಪು ಕೊಟ್ಟಿದ್ದು ನಾನು.’

*

ಮದುವೆಗೆ ಹಿಂದಿನ ದಿನವೇ ಬೇಲೂರಿಗೆ ಹೋದಳು. ಬಸ್ಸು ಹಳೇಬೀಡಿನಲ್ಲಿ ಹತ್ತು ನಿಮಿಷ ನಿಂತಿತು. ಪ್ರತಿ ವರ್ಷ ಮಕ್ಕಳನ್ನು ಇಲ್ಲಿಗೆ ಕರೆತರುತ್ತಿದ್ದಳು. ಕಲ್ಲಿನ ಹೆಂಗಸರನ್ನು ನೋಡಿ ಹುಡುಗರು ಕಿಸಕ್ಕೆಂದರೆ ಕಿವಿ ಹಿಂಡುತ್ತಿದ್ದಳು. ಅಲ್ಲಿ ಮೂಗು ಹೋದವರು, ಕೈ ಹೋದವರು, ಎದೆ ಒಡೆದವರು ಎಷ್ಟೋ ಜನ. ಅವರಿಗೇನು, ಕಲ್ಲು. ರವಿಕೆ ಹೊಲಿಸಬೇಕಾಗಿಲ್ಲ.

ಭಾನುವಾರ ಮಳೆ ಬಿಟ್ಟಿತ್ತು. ಭವನದ ತುಂಬ ಬಿಳಿ ಬಟ್ಟೆ, ಮಲ್ಲಿಗೆ, ಒದ್ದೆ ಚಪ್ಪಲಿಗಳ ವಾಸನೆ. ಮಂತ್ರ, ಮುಹೂರ್ತದ ಗಡಿಬಿಡಿ ಇರಲಿಲ್ಲ. ಪಂಚಶೀಲ ಹೇಳಿಕೊಟ್ಟರು, ಎಲ್ಲರೂ ಹೇಳಿದರು. ಹೂವಿನ ಎಸಳು ಎರಚುವಾಗ ಮಂಜುಳಾ ಎಡಗೈಯನ್ನು ಆದಷ್ಟು ಎತ್ತಿದಳು. ಉಗ್ರಪ್ಪ ಕಣ್ಣೊರೆಸಿಕೊಂಡು, ‘ಅವ್ವ ಇರಬೇಕಿತ್ತು ಕಣೆ’ ಎಂದ. ಯಾರೂ ಅವಳ ಎದೆ ನೋಡಲಿಲ್ಲ. ನೋಡಿದ್ದರೂ ಅವಳಿಗೆ ಗೊತ್ತಾಗಲಿಲ್ಲ. ಎರಡು ವರ್ಷ ಬಚ್ಚಿಟ್ಟದ್ದು ಮೂರು ಗಂಟೆ ಎಲ್ಲರೆದುರು ಇದ್ದರೂ, ಜನ ಪಾಯಸ ಸಿಹಿಯಾಗಿದೆಯೇ ಎಂದು ಮಾತಾಡುತ್ತಿದ್ದರು.

ನೋಡಿದವನು ಫೋಟೋಗ್ರಾಫರು. ಅವನ ಕೆಲಸವೇ ಅದು. ಗಂಡು ಹೆಣ್ಣು ನಡುವೆ, ಒಂದು ಕಡೆ ಉಗ್ರಪ್ಪ, ಇನ್ನೊಂದು ಕಡೆ ಮಂಜುಳಾ. ಅವನು ಕ್ಯಾಮೆರಾದಿಂದ ಮುಖ ಎತ್ತಿದ.

‘ಅಮ್ಮಾ, ಎಡಗಡೆ ಸೆರಗು ಕುಸಿದೈತೆ. ಸ್ವಲ್ಪ ಎತ್ತಿ ಸರಿ ಮಾಡ್ಕೊಳಿ.’

ಅವಳ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಎಳೆದು ಎರಡು ಮಡಿಕೆ ದಪ್ಪ ಮಾಡಿದರೆ ಸಾಕಿತ್ತು. ಕೈ ಅಲ್ಲೇ ನಿಂತಿತು, ಆಮೇಲೆ ಕೆಳಗಿಳಿಯಿತು.

‘ಕುಸಿದಿಲ್ಲ ಕಣಪ್ಪ. ಅಲ್ಲಿರೋದೇ ಅಷ್ಟು. ನೀನು ತೆಗಿ.’

ಫೋಟೋಗ್ರಾಫರಿಗೆ ಅರ್ಥವಾಗಲಿಲ್ಲ. ‘ರೆಡಿ’ ಎಂದ. ಸಮ್ಯಕ್ ಮಾತ್ರ ತಿರುಗಿ ನೋಡಿದ. ಮೊದಲು ಅವಳ ಮುಖ, ಆಮೇಲೆ ಸೆರಗು, ಮತ್ತೆ ಮುಖ. ‘ಅಣ್ಣಾ, ಇಲ್ಲಿ ನೋಡಿ, ಕ್ಯಾಮೆರಾ ಕಡೆ!’ ಎಂದು ಫೋಟೋಗ್ರಾಫರು ಕೂಗಿದ. ಸಮ್ಯಕ್ ತಿರುಗಿದ. ಫ್ಲಾಶು ಮಿಂಚಿತು. ಅಷ್ಟರಲ್ಲಿ ಹಳೇಬೀಡಿನ ನೆಂಟರು ವೇದಿಕೆ ಹತ್ತಿದರು.

ನಾಲ್ಕು ಗಂಟೆಯ ಬಸ್ಸಿಗೆ ಅವಳು ಹೊರಟಳು. ನಾಳೆ ಶಾಲೆ ಇತ್ತು. ಮನೆಗೆ ಬಂದು ಬೀಗ ತೆಗೆದು, ಬಿಳಿ ಸೀರೆಯಲ್ಲೇ ಕುರ್ಚಿಯ ಮೇಲೆ ಕೂತಳು. ಸಮ್ಯಕ್‌ನ ಫೋನು ಬಂತು.

‘ಮುಟ್ಟಿದ್ಯಾ ಅತ್ತೆ?’

‘ಈಗ ಬಂದೆ. ಊಟ ಆಯ್ತಾ ನಿಂದು?’

‘ಆಯ್ತು.’ ಹಿಂದೆ ಯಾರೋ ನಗುತ್ತಿದ್ದರು, ಪಾತ್ರೆಗಳ ಸದ್ದು. ‘ಅತ್ತೆ...’

‘ಏನೋ?’

‘ಏನಿಲ್ಲ. ಬರೋ ಭಾನುವಾರ ಬರ್ತೀವಿ, ಇಬ್ರೂ.’

‘ಬಾ. ನೀನು ಒಂದು ಗಳಿಗೆ ಮೊದ್ಲು ಬಾ. ಒಂದು ಮಾತು ಹೇಳೋದೈತೆ.’

ಅವನು ಏನು ಎಂದು ಕೇಳಲಿಲ್ಲ. ‘ಸರಿ’ ಎಂದ.

ಫೋನಿಟ್ಟು ಅವಳು ಗೋಡೆಯ ಹತ್ತಿರ ಹೋದಳು. ದಿನವಿಡೀ ಇಳಿಬಿಟ್ಟ ತೋಳು ಭಾರವಾಗಿತ್ತು, ಆದರೆ ರವಿಕೆ ಬಿಗಿಯುತ್ತಿರಲಿಲ್ಲ. ಬೆರಳುಗಳನ್ನು ನಡೆಸಿದಳು. ಹದಿನೇಳಕ್ಕೆ ಇನ್ನೂ ಎರಡು ಬೆರಳು ಕಡಿಮೆಯೇ. ಪೆನ್ಸಿಲ್ ತಂದು, ಕೆಳಗಿನ ಮೊದಲ ಗೆರೆಯಿಂದ ಹಿಡಿದು ತನ್ನ ಗೆರೆಗಳ ಪಕ್ಕದಲ್ಲೆಲ್ಲ ಮಂಜುಳಾ, ಮಂಜುಳಾ ಎಂದು ಬರೆಯುತ್ತ ಬಂದಳು. ಭಾನುವಾರಕ್ಕೆ ಇನ್ನೂ ಏಳು ದಿನ ಇತ್ತು.